ಉಣ್ಣೋ ಹೊತ್ತಿನ ನೀರು

ನನ್ನ ಅಪ್ಪ ನೀರುಗಂಟಿಯಾಗಿದ್ದ. ಹಾಗೆಂದರೆ ಈಗಿನವರು ಪಂಚಾಯತಿ ಟ್ಯಾಂಕಿನ ವಾಲ್ವ್ ತಿರುಗಿಸುವವನು ಎಂದುಕೊಳ್ಳುತ್ತಾರೆ. ಅದಲ್ಲ. ಬುಕ್ಕಸಾಗರದ ಗದ್ದೆಬಯಲಿಗೆ ಅರಸರ ಕಾಲದ ಕಾಲುವೆಯಿಂದ ಬರುವ ನೀರನ್ನು ಯಾರ ಗದ್ದೆಗೆ ಯಾವ ದಿನ, ಎಷ್ಟು ಹೊತ್ತು ಎಂದು ಸರದಿಯಂತೆ ತಿರುಗಿಸುವ ಕೆಲಸ. ಅಜ್ಜ ಮಾಡಿದ, ಅಜ್ಜನ ಅಪ್ಪ ಮಾಡಿದ, ಅಪ್ಪನೂ ಮಾಡಿದ. ಆ ಕೆಲಸ ಹೇಗೆ ಹೋಯಿತು, ಅದರ ಜೊತೆಗೇ ಅವನಿಗಿದ್ದ ಒಬ್ಬನೇ ಒಬ್ಬ ಗೆಳೆಯ ಹೇಗೆ ದೂರವಾದ ಎಂಬುದು ಊರಿಗೆಲ್ಲ ಗೊತ್ತು. ಊರಿಗೆ ಗೊತ್ತಿದ್ದದ್ದು ಸುಳ್ಳು. ನಿಜ ಗೊತ್ತಿದ್ದದ್ದು ಇಬ್ಬರಿಗೆ ಮಾತ್ರ. ಒಬ್ಬಳು ನಾನು, ಇನ್ನೊಬ್ಬರು ನನಗೆ ಇತಿಹಾಸ ಕಲಿಸಿದ ಸಾರ್.

ಆ ಗೆಳೆಯ ನಮಗೆ ಸಂಬಂಧಿಕನಲ್ಲ. ನಾನು ಕಾಕಾ ಎನ್ನುತ್ತಿದ್ದೆ. ಕಾಲುವೆ ಮುಗಿಯುವಲ್ಲಿ, ಊರಿನ ಕೂಲಿ ಮಾಡುವವರ ತುಂಡು ಗದ್ದೆಗಳಿರುವ ಕಡೆ, ಅವನದೂ ಅರ್ಧ ಎಕರೆ ಇತ್ತು. ಅಪ್ಪನೂ ಅವನೂ ಹೊಳೆಯಲ್ಲಿ ಒಟ್ಟಿಗೆ ಈಜು ಕಲಿತವರು. ಒಬ್ಬರನ್ನೊಬ್ಬರು ಕರೆಯುತ್ತಿದ್ದದ್ದು ‘ಲೇ’ ಎಂದೇ. ಅಪ್ಪನಿಗೆ ಹೆಸರಿದೆ ಎಂಬುದೇ ಕಾಕಾಗೆ ಮರೆತಿದೆ ಎಂದು ಅವ್ವ ನಗುತ್ತಿದ್ದಳು.

ನಾನು ಆಗ ಹೊಸಪೇಟೆಯ ಒಂದು ಶಾಲೆಯಲ್ಲಿ ಮೊದಲ ವರ್ಷದ ಪಿಯುಸಿ. ಹೈಸ್ಕೂಲೂ ಪಿಯುಸಿಯೂ ಒಂದೇ ಆವರಣದಲ್ಲಿದ್ದವು. ಯಾರೋ ದಾನಿಗಳು ಲೈಬ್ರರಿಗೆ ನಾಲ್ಕು ಕಂಪ್ಯೂಟರ್ ಕೊಡಿಸಿ, ಪ್ರಪಂಚದ ಸಂಶೋಧನಾ ಪ್ರಬಂಧಗಳೆಲ್ಲ ಸಿಗುವ ಆನ್‌ಲೈನ್ ಡೇಟಾಬೇಸ್‌ಗೆ ಚಂದಾ ಕಟ್ಟಿಸಿದ್ದರು. ಪಾಸ್‌ವರ್ಡನ್ನು ಒಂದು ಚೀಟಿಯಲ್ಲಿ ಬರೆದು ಬೀರುವಿನ ಪಕ್ಕಕ್ಕೆ ಅಂಟಿಸಿದ್ದರು. ಶಾಲೆಯ ಯಾವ ಮಗುವಾದರೂ ತೆರೆಯಬಹುದಿತ್ತು. ತೆರೆಯುವವರು ಮಾತ್ರ ಇರಲಿಲ್ಲ. ಮಧ್ಯಾಹ್ನದ ಬಿಡುವಿನಲ್ಲಿ ಹುಡುಗರು ಅಲ್ಲಿಗೆ ಬರುತ್ತಿದ್ದದ್ದು ಫ್ಯಾನಿನ ಗಾಳಿಗೆ.

ಲೈಬ್ರರಿ ಮೇಡಂ ನನ್ನನ್ನು ಕೂರಿಸಿಕೊಂಡು ಕಲಿಸಿದರು. “ಫೋನ್ನ್ಯಾಗ ಕೇಳ್ದಂಗ ಇದನ್ನ ಪ್ರಶ್ನೆ ಕೇಳಬ್ಯಾಡ. ಪದ ಹಾಕು. ಎರಡು ಪದ ಜೊತಿಗೇ ಬೇಕಂದ್ರ ಉದ್ಧರಣ ಚಿಹ್ನೆ ಹಾಕು. ಭಾಳ ಬಂದ್ರ ವರ್ಷ ಹಾಕಿ ಸೋಸು. ಮೊದಲು ಸಾರಾಂಶ ಓದು, ಆಮ್ಯಾಲ ಕಡೀಗೆ ಹೋಗಿ ಯಾರ‍್ಯಾರನ್ನ ಓದಿ ಬರದಾರ ನೋಡು.” ಅಷ್ಟೇ ಪಾಠ. ಆ ಪಾಠ ಇವತ್ತಿಗೂ ನನ್ನ ಅನ್ನ. ಮೇಡಂ ಮೇಲೆ ನನಗೆ ಯಾವ ಸಿಟ್ಟೂ ಇಲ್ಲ.

ಇತಿಹಾಸದ ಸಾರ್ ಕಂಪ್ಲಿಯಿಂದ ದಿನವೂ ಬಸ್ಸಿಗೆ ಬರುತ್ತಿದ್ದರು. ಹಳೆಯ ನೀರಾವರಿಯ ಮೇಲೆ ಪಿಎಚ್‌ಡಿ ಮಾಡುತ್ತಿದ್ದರು. ನಾನು ಬುಕ್ಕಸಾಗರದವಳು, ನೀರುಗಂಟಿಯ ಮಗಳು ಎಂದು ತಿಳಿದ ದಿನ ಅವರ ಮುಖ ಅರಳಿದ್ದು ನನಗೆ ನೆನಪಿದೆ. “ನಿಮ್ಮೂರಿನ ಕಾಲುವಿ ಬಗ್ಗೆ ಏನೇನೈತಿ ಹುಡುಕಮ್ಮ” ಎಂದರು. ಒಬ್ಬ ಮೇಷ್ಟ್ರು ನನ್ನನ್ನು ನನ್ನ ಊರಿನ ಕಾರಣಕ್ಕೆ ಗುರುತಿಸಿದ್ದು ಅದೇ ಮೊದಲು. ಅಲ್ಲಿಯವರೆಗೆ ಊರೆಂದರೆ ತಡವಾಗಿ ಬಂದದ್ದಕ್ಕೆ ಹೇಳುವ ನೆಪವಾಗಿತ್ತು, ಬಸ್ ಬರಲಿಲ್ಲ ಸಾರ್ ಎಂದು.

ಹುಡುಕಿದೆ. ಪ್ರತಿ ಶನಿವಾರ ಶಾಲೆ ಬಿಟ್ಟ ಮೇಲೆ ಒಂದು ಗಂಟೆ ಅಲ್ಲೇ. ಹಂಪಿಗೆ ಬಂದು ಹೋದ ದೇಶ ವಿದೇಶದವರೆಲ್ಲ ಬರೆದಿದ್ದರು. ನಾನು ಬಟ್ಟೆ ಒಗೆದ ಕಲ್ಲಿನ ಉದ್ದಗಲವನ್ನು ಯಾರೋ ಅಳೆದಿದ್ದರು. ನಾವು ಉಪ್ಪು ಹಚ್ಚಿದ ಮಾವಿನಕಾಯಿ ತಿನ್ನುತ್ತ ಕೂರುವ ತೂಬಿನ ಚಿತ್ರ ಬರೆದು ಬಾಣದ ಗುರುತು ಹಾಕಿದ್ದರು. ಇಂಗ್ಲಿಷ್ ಅರ್ಧ ತಿಳಿಯದಿದ್ದರೂ ಡಿಕ್ಷನರಿ ಮಗ್ಗುಲಲ್ಲಿಟ್ಟುಕೊಂಡು ಓದಿದೆ. ಎಲ್ಲರೂ ಕಲ್ಲಿನ ಬಗ್ಗೆ ಬರೆದಿದ್ದರು. ಆ ಕಲ್ಲಿನ ಬಾಯಿ ತೆರೆದು ಮುಚ್ಚುವವನ ಬಗ್ಗೆ ಒಂದು ಸಾಲೂ ಇರಲಿಲ್ಲ. ಸಾರ್‌ಗೆ ಹೇಳಿದೆ. ಒಂದು ಭಾನುವಾರ ಅವರು ನಮ್ಮ ಮನೆಗೇ ಬಂದರು.

ಅವ್ವ ಅವತ್ತು ಹೋಳಿಗೆ ಮಾಡಿದ್ದಳು. ಸಾರ್ ನೆಲದ ಮೇಲೆ ಕೂತು ಉಂಡರು, ಎರಡು ಸಲ ತುಪ್ಪ ಹಾಕಿಸಿಕೊಂಡರು. ಅಪ್ಪ ಅವರನ್ನು ಕಾಲುವೆಯ ಉದ್ದಕ್ಕೂ ನಡೆಸಿಕೊಂಡು ಹೋಗಿ ಒಂದೊಂದು ತೂಬನ್ನೂ ತೋರಿಸಿದ. ಕೊನೆಗೆ ಕಾಕಾನ ಮನೆ ಮುಂದೆ ಎಲ್ಲರೂ ಚಾ ಕುಡಿದೆವು. ಸರದಿ ಹೇಗೆ, ಜಗಳ ಬಂದರೆ ಹೇಗೆ, ಮೇಲಿನ ದೊಡ್ಡ ಗದ್ದೆಗಳಿಗೆ ಎಷ್ಟು ಹೊತ್ತು, ಸಾರ್ ಕೇಳಿದ್ದಕ್ಕೆಲ್ಲ ಅಪ್ಪ ಉತ್ತರ ಕೊಟ್ಟ. “ಕೊನೆಗದ್ದಿಗೆ ನೀರು ಮುಟ್ತದೇನ್ರಿ?” ಎಂದು ಕೇಳಿದಾಗ ಅಪ್ಪ ಕಾಕಾನ ಮುಖ ನೋಡಿದ. ಕಾಕಾ ಲೋಟ ತೊಳೆಯಲು ಎದ್ದು ಹೋದ. “ಮುಟ್ತೈತ್ರಿ, ದೇವರು ಮುಟ್ಟಿಸ್ತಾನ” ಎಂದ ಅಪ್ಪ.

ದೇವರು ಮುಟ್ಟಿಸುತ್ತಿರಲಿಲ್ಲ, ಅಪ್ಪ ಮುಟ್ಟಿಸುತ್ತಿದ್ದ. ಕೊನೆಗದ್ದೆಗಳಿಗೂ ಲೆಕ್ಕಕ್ಕೆ ಸರದಿ ಇತ್ತು. ಆದರೆ ನೀರು ಮೇಲಿನ ಗದ್ದೆಗಳನ್ನೆಲ್ಲ ದಾಟಿ ಅಲ್ಲಿಗೆ ತಲುಪುವಷ್ಟರಲ್ಲಿ ಅವರ ಹೊತ್ತು ಮುಗಿದಿರುತ್ತಿತ್ತು. ಅದಕ್ಕೆ ನಮ್ಮ ಮನೆತನದಲ್ಲಿ ಒಂದು ಪದ್ಧತಿ ನಡೆದುಕೊಂಡು ಬಂದಿತ್ತು. ಮಧ್ಯಾಹ್ನ ಮೇಲಿನ ಗದ್ದೆಯವರು ಊಟಕ್ಕೆ ಮನೆಗೆ ಹೋಗುತ್ತಾರೆ. ಆಗ ಬದುವಿನ ಮೇಲೆ ಉಳಿಯುವವನು ನೀರುಗಂಟಿ ಒಬ್ಬನೇ. ಅವನು ಹುಲ್ಲು ಮಣ್ಣಿನ ಅಡ್ಡವನ್ನು ಕಿತ್ತು, ಅವರು ಉಂಡು ಎಲೆಯಡಿಕೆ ಹಾಕಿಕೊಂಡು ಬರುವಷ್ಟು ಹೊತ್ತು ನೀರನ್ನು ಕೆಳಕ್ಕೆ ಬಿಡುತ್ತಾನೆ. ಅವರು ಬರುವುದರೊಳಗೆ ಅಡ್ಡ ಮತ್ತೆ ಕೂತಿರುತ್ತದೆ. ಇದಕ್ಕೆ ಉಣ್ಣೋ ಹೊತ್ತಿನ ನೀರು ಎಂದು ಹೆಸರು. ಕೊನೆಗದ್ದೆಯವರಿಗೆ ಗೊತ್ತಿತ್ತು, ಯಾರೂ ಹೇಳುತ್ತಿರಲಿಲ್ಲ. ಹೇಳಿದರೆ ಅದು ಕಳವು, ಹೇಳದಿದ್ದರೆ ಧರ್ಮ. ಬುತ್ತಿ ಒಯ್ಯುತ್ತಿದ್ದವಳು ನಾನಾದ್ದರಿಂದ ನನ್ನ ಕಣ್ಣಿಗೆ ಬೀಳದೆ ಇರಲಿಲ್ಲ. ಅಪ್ಪ ಒಂದೇ ಸಲ ಎಚ್ಚರಿಸಿದ್ದ. “ಇದು ಬಾಯಿಗೆ ಬರಬಾರ್ದು ನೋಡವ್ವ. ಬಾಯಿಗೆ ಬಂದ್ರ ಗದ್ದಿಗೆ ಬರಂಗಿಲ್ಲ.”

ಸಾರ್ ಬಂದು ಹೋದ ಮುಂದಿನ ಶನಿವಾರ ನಾನು ಡೇಟಾಬೇಸ್‌ನಲ್ಲಿ ಅದನ್ನೇ ಹುಡುಕಿದೆ. ಯಾಕೆ ಹುಡುಕಿದೆನೋ. ಹದಿನಾರರ ಹುಡುಗಿ, ಕೈಗೊಂದು ಯಂತ್ರ ಸಿಕ್ಕಿತ್ತು. ನೀರುಗಂಟಿ ಎಂಬ ಪದವನ್ನು ಇಂಗ್ಲಿಷ್ ಅಕ್ಷರದಲ್ಲಿ ಮೂರು ರೀತಿ ಬರೆದು ಹಾಕಿದೆ. ಕೊನೆಗದ್ದೆ, ಊಟದ ಹೊತ್ತು, ನೀರು, ಎಲ್ಲವನ್ನೂ ಇಂಗ್ಲಿಷಿಗೆ ತಿರುಗಿಸಿ, ಜೋಡಿಸಿ, ಬಿಡಿಸಿ ಹಾಕಿದೆ. ಯಾವ ಫಲಿತಾಂಶವೂ ಇಲ್ಲ ಎಂದು ಬಂತು. ಇನ್ನೊಮ್ಮೆ ಹಾಕಿದೆ. ಯಾವ ಫಲಿತಾಂಶವೂ ಇಲ್ಲ. ನನಗೆ ಮೈಯೆಲ್ಲ ಝುಮ್ಮೆಂದಿತು. ಇಡೀ ಪ್ರಪಂಚಕ್ಕೆ ಗೊತ್ತಿಲ್ಲದ ಒಂದು ವಿಷಯ ನನ್ನ ಅಪ್ಪನಿಗೆ ಗೊತ್ತು ಎಂದುಕೊಂಡೆ. ಆ ಖಾಲಿ ಪುಟ ಅಜ್ಞಾನವಲ್ಲ, ಮೂರು ತಲೆಮಾರು ಕಾದುಕೊಂಡು ಬಂದ ಗುಟ್ಟು ಎಂದು ಹೊಳೆಯಲಿಲ್ಲ. ಯಾರೂ ಬರೆದಿಲ್ಲ ಎಂದರೆ ಬರೆಯಲು ಬಿಟ್ಟಿಲ್ಲ ಎಂದೂ ಇರಬಹುದಲ್ಲ. ಅಷ್ಟು ಬುದ್ಧಿ ಇದ್ದಿದ್ದರೆ ಈ ಕಥೆಯೇ ಇರುತ್ತಿರಲಿಲ್ಲ.

ಸಾರ್ ಪತ್ರಿಕೆ ತಿರುವುತ್ತ ಆಚೆ ಮೇಜಿನಲ್ಲಿದ್ದರು. “ಸಾರ್, ಇದು ಎಲ್ಲೂ ಇಲ್ರಿ” ಎಂದೆ. “ಯಾವುದಮ್ಮ?” ಎಂದು ಬಂದರು. ಹೇಳಿಬಿಟ್ಟೆ. ಅವರು ಸ್ಟೂಲ್ ಎಳೆದುಕೊಂಡು ನನ್ನ ಪಕ್ಕ ಕೂತರು. ಒಬ್ಬ ದೊಡ್ಡವರು ಹಾಗೆ ಸ್ಟೂಲ್ ಎಳೆದುಕೊಂಡು ನನ್ನ ಮಾತು ಕೇಳಿದ್ದು ಅಲ್ಲಿಯವರೆಗೆ ಇರಲಿಲ್ಲ. ಹಾಗಾಗಿ ಇನ್ನಷ್ಟು ಹೇಳಿದೆ. ಯಾವ ತೂಬು, ಯಾವ ಗದ್ದೆ, ಕಾಕಾನ ಗದ್ದೆಗೆ ಎಷ್ಟು ಹೊತ್ತಿಗೆ ಮುಟ್ಟುತ್ತದೆ, ಎಲ್ಲ. ಹೇಳಿ ಮುಗಿದ ಮೇಲೆ ಹೆದರಿಕೆಯಾಯಿತು. “ಬರೀಬ್ಯಾಡ್ರಿ ಸಾರ್” ಎಂದೆ. “ಛೇ, ಬರೀತೀನೇನು? ನನ್ನ ತಿಳುವಳಿಕಿಗೆ ಅಷ್ಟೇ” ಎಂದರು. ನಂಬಿದೆ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎಂಬ ಗಾದೆಯನ್ನು ನಾನು ಪರೀಕ್ಷೆಯಲ್ಲಿ ವಿಸ್ತರಿಸಿ ಬರೆದು ಪೂರ್ತಿ ಅಂಕ ತೆಗೆದುಕೊಂಡಿದ್ದೆ.

ವರ್ಷ ಕಳೆಯಿತು. ಎರಡನೆಯ ಪಿಯುಸಿಯ ಗಡಿಬಿಡಿಯಲ್ಲೂ ಶನಿವಾರದ ಅಭ್ಯಾಸ ಬಿಟ್ಟಿರಲಿಲ್ಲ. ಅವೇ ಪದಗಳನ್ನು ಹಾಕಿ, ಹೊಸದು ಮೇಲೆ ಬರುವಂತೆ ಸೋಸಿ ನೋಡುತ್ತಿದ್ದೆ. ಒಂದು ಶನಿವಾರ ನೀರುಗಂಟಿ ಎಂದು ಹಾಕಿದಾಗ ಒಂದು ಫಲಿತಾಂಶ ಬಂತು. ಒಂದೇ ಒಂದು. ಮೇಲೆ ಸಾರ್ ಹೆಸರಿತ್ತು.

ನನ್ನ ಮೊದಲ ಭಾವ ಖುಷಿ. ಅದನ್ನು ಮುಚ್ಚಿಡುವುದಿಲ್ಲ. ನಮ್ಮ ಸಾರ್ ಎಂದು ಎದೆ ಉಬ್ಬಿತು. ಆಮೇಲೆ ಓದಿದೆ. ಊರಿನ ಹೆಸರಿರಲಿಲ್ಲ. ಆದರೆ ಹೊಳೆ ಯಾವ ಕಡೆ, ಹಂಪಿ ಎಷ್ಟು ದೂರ, ತೂಬಿನ ಕಲ್ಲಿನ ಮೇಲೆ ಯಾವ ಕೆತ್ತನೆ, ಎಲ್ಲ ಇತ್ತು. ಅದೆಲ್ಲ ಇದ್ದ ಮೇಲೆ ಹೆಸರು ಯಾಕೆ ಬೇಕು? ಉಣ್ಣೋ ಹೊತ್ತಿನ ನೀರು ಎಂಬುದನ್ನು ಓರೆ ಅಕ್ಷರದಲ್ಲಿ ಹಾಕಿ, ಕೆಳಗೆ ಅರ್ಥ ಬರೆದಿದ್ದರು. ನಾನು ಸ್ಟೂಲಿನ ಪಕ್ಕ ಕೂತು ಹೇಳಿದ ವಾಕ್ಯಗಳೇ ಅವು, ಇಂಗ್ಲಿಷಿನ ಅಂಗಿ ಹಾಕಿಕೊಂಡಿದ್ದವು. ಉಂಡ ಮನೆಯ ಗಳ ಎಣಿಸುವುದು ಎಂದರೆ ಏನೆಂದು ಆವತ್ತು ತಿಳಿಯಿತು.

ಅದಕ್ಕಿಂತ ದೊಡ್ಡದು ಮುಂದಿನ ಸಾಲಿನಲ್ಲಿತ್ತು. ಇದನ್ನು ತನಗೆ ತಿಳಿಸಿದ್ದು ಕೊನೆಗದ್ದೆಯ ಒಬ್ಬ ರೈತ, ನೀರುಗಂಟಿಯ ಬಾಲ್ಯದ ಗೆಳೆಯ, ತನ್ನ ಮನೆಯ ಮುಂದೆ ಚಹಾ ಕುಡಿಯುತ್ತ ವಿವರಿಸಿದ ಎಂದು ಬರೆದಿದ್ದರು.

ಸೋಮವಾರ ಬೆಳಿಗ್ಗೆ ಲೈಬ್ರರಿಯ ನೋಟಿಸ್ ಬೋರ್ಡಿನಲ್ಲಿ ಆ ಪ್ರಬಂಧದ ಪ್ರಿಂಟ್ ತೂಗುತ್ತಿತ್ತು. ನಮ್ಮ ಶಾಲೆಯ ಹೆಮ್ಮೆ ಎಂದು ಮೇಲೆ ಕೆಂಪು ಅಕ್ಷರ. ನಾನು ಅದನ್ನು ಕಿತ್ತು ಮಡಚಿ ಬ್ಯಾಗಿಗೆ ಹಾಕಿಕೊಂಡೆ. ಸ್ಟಾಫ್ ರೂಮಿಗೆ ಹೋದೆ.

“ಬರಿಯಂಗಿಲ್ಲ ಅಂದಿದ್ರಿ ಸಾರ್.”

“ಯಾರ ಹೆಸರೂ ಹಾಕಿಲ್ಲಲ್ಲಮ್ಮ. ಊರಿನ ಹೆಸರೂ ಇಲ್ಲ. ನಿಮ್ಮಪ್ಪನ್ನ ನಾನು ಹೊಗಳೇ ಬರದೀನಿ, ಓದಿ ನೋಡು.”

“ಕಾಕಾ ನಿಮಗ ಏನೂ ಹೇಳಿಲ್ಲ. ಹೇಳಿದ್ದು ನಾನು.”

ಸಾರ್ ಬಾಗಿಲ ಕಡೆ ನೋಡಿ ದನಿ ತಗ್ಗಿಸಿದರು. “ವಿದ್ಯಾರ್ಥಿನಿ ಹೇಳಿದ್ದು ಅಂತ ಬರದ್ರ ಯಾರು ಅಚ್ಚು ಹಾಕ್ತಾರ? ರೈತ ಹೇಳಿದ ಅಂದ್ರ ತೂಕ. ಮತ್ತ ನಿನ್ನ ಕಾಪಾಡಬೇಕಿತ್ತಲ್ಲ ನಾನು? ನಾಳೆ ನಿಮ್ಮಪ್ಪ ನಿನ್ನ ಕೇಳಿದ್ರ?”

ಆ ಮಾತಿಗೆ ನಾನು ಕೂಗಾಡಬೇಕಿತ್ತು. ಕೂಗಾಡಲಿಲ್ಲ. ನನಗೆ ಅನ್ನಿಸಿದ್ದು ಏನು ಗೊತ್ತೇ? ಸದ್ಯ, ಬಚಾವಾದೆ ಎಂದು. ಸಾರ್ ಅದನ್ನು ನನ್ನ ಮುಖದಲ್ಲಿ ಓದಿರಬೇಕು. ಹೆಗಲು ತಟ್ಟಿ ಕಳಿಸಿದರು. ಪ್ರಿಂಟ್ ಕಿತ್ತಿದ್ದರಿಂದಲೂ ಏನೂ ಆಗಲಿಲ್ಲ. ಮೇಲಿನ ಗದ್ದೆಯ ದೊಡ್ಡವರೊಬ್ಬರ ಮೊಮ್ಮಗಳು ನನ್ನದೇ ತರಗತಿಯಲ್ಲಿದ್ದಳು. ಕಲ್ಲಿನ ಕೆತ್ತನೆಯ ಚಿತ್ರ ನೋಡಿ ನಮ್ಮೂರಿಂದೇ ಎಂದು ಖುಷಿಪಟ್ಟು ಆಗಲೇ ಫೋನಿನಲ್ಲಿ ಪುಟಗಳ ಫೋಟೋ ತೆಗೆದುಕೊಂಡಿದ್ದಳು. ಪಾಪ, ಅವಳ ಮನಸ್ಸಿನಲ್ಲಿ ಕೆಟ್ಟದ್ದೇನೂ ಇರಲಿಲ್ಲ.

ಎರಡೇ ದಿನಕ್ಕೆ ಊರು ಕಟ್ಟೆಯ ಮೇಲೆ ಕೂತಿತು. ಆ ದೊಡ್ಡವರು ಫೋನ್ ಮೊಮ್ಮಗಳ ಕೈಗೆ ಕೊಟ್ಟು ಕನ್ನಡದಲ್ಲಿ ಹೇಳಿಸಿದರು. ಹೌದೋ ಅಲ್ಲೋ ಎಂದು ಅಪ್ಪನನ್ನು ಕೇಳಿದರು. “ಹೌದ್ರಿ” ಎಂದ ಅಪ್ಪ.

“ನಮಗ ಗೊತ್ತಿರಲಿಲ್ಲ ಅಂತ ತಿಳ್ಕೊಂಡಿದ್ದೇನು?” ಎಂದರು ಆ ಹಿರಿಯರು. ಅವರ ದನಿಯಲ್ಲಿ ಸಿಟ್ಟಿಗಿಂತ ಬೇಸರವೇ ಹೆಚ್ಚಿತ್ತು. “ನಮ್ಮಪ್ಪಗೂ ಗೊತ್ತಿತ್ತು. ಉಣ್ಣಾಕ ಹೋದಾಗ ಆಗಿದ್ದು ಕಂಡಿಲ್ಲ ಅಂತ ಇದ್ವಿ. ಈಗ ದೇಶಕ್ಕೆಲ್ಲ ಗೊತ್ತಾತಲ್ಲೋ. ಇನ್ನ ಕಂಡಿಲ್ಲ ಅಂತ ಹೆಂಗ ಕುಂದ್ರಬೇಕು?”

ಅಷ್ಟಕ್ಕೇ ಅಪ್ಪನ ಕೆಲಸ ಹೋಯಿತು. ಆಮೇಲೆ ಎಲ್ಲರ ಮುಖ ಕಾಕಾನ ಕಡೆ ತಿರುಗಿತು. “ನಾ ಹೇಳಿಲ್ರಿ” ಎಂದ ಅವನು. “ಆ ಸಾರಿಗೆ ಚಾ ಕೊಟ್ಟಿದ್ದು ಖರೆ. ಈ ಮಾತು ಆಡಿಲ್ಲ.” ಯಾರೋ ಹಿಂದಿನಿಂದ “ಅಚ್ಚಾಗಿ ಬಂದೈತಲ್ಲಪ್ಪ, ಸುಳ್ಳಾಗತೈತೇನು?” ಎಂದರು. ಓದದವರಿಗೆ ಅಚ್ಚಿನ ಮೇಲೆ ಇರುವ ನಂಬಿಕೆ ಓದಿದವರಿಗೂ ಇರುವುದಿಲ್ಲ. ಅಪ್ಪ ಕಾಕಾನನ್ನು ಒಮ್ಮೆ ನೋಡಿ, ಪಕ್ಕದಿಂದಲೇ ದಾಟಿ, ಮನೆಗೆ ನಡೆದ. ಅವ್ವನ ಬೆನ್ನ ಹಿಂದೆ ನಿಂತಿದ್ದ ನಾನು ಬಾಯಿ ತೆರೆಯಲಿಲ್ಲ.

ನಾಳೆ ಹೇಳುತ್ತೇನೆ ಎಂದುಕೊಂಡೆ. ಪರೀಕ್ಷೆ ಮುಗಿಯಲಿ ಎಂದುಕೊಂಡೆ. ಅಪ್ಪ “ನನ್ನ ಕೆಲಸ ಹೋತಂತ ಸಂಕಟಿಲ್ಲ, ಆ ಬಾಯಿಂದ ಹೋತಲ್ಲ” ಎಂದು ಗೋಡೆಗೆ ಮುಖ ಮಾಡಿ ಮಲಗಿದ ದಿನಗಳಲ್ಲಿ ಹೇಳಲು ಇನ್ನಷ್ಟು ಕಷ್ಟವಾಯಿತು. ಕಳ್ಳನ ಮನಸ್ಸು ಹುಳ್ಳುಳ್ಳಗೆ. ಕಾಕಾನ ಹೆಸರು ಬಂದರೆ ನಾನು ನೀರು ತರಲು ಎದ್ದು ಹೋಗುತ್ತಿದ್ದೆ. ಕೊನೆಗದ್ದೆಗಳಿಗೆ ಉಣ್ಣೋ ಹೊತ್ತಿನ ನೀರು ನಿಂತಿತು. ಅಲ್ಲಿನವರೆಲ್ಲ, ಮೂರು ತಲೆಮಾರಿನ ಬಾಯಿಗೆ ಮಣ್ಣು ಹಾಕಿದ ಎಂದು ಕಾಕಾನನ್ನೇ ಬೈದರು. ಅವನು ಗದ್ದೆ ಬೀಳು ಬಿಟ್ಟು ಕಂಪ್ಲಿಯ ಅಕ್ಕಿ ಗಿರಣಿಗೆ ಮೂಟೆ ಹೊರಲು ಹೋದ. ಐವತ್ತು ದಾಟಿದ ಬೆನ್ನು ಅದು. ಬಸ್ಸಿನಲ್ಲಿ ಎದುರಾದರೆ ನನಗೆ ಮಾತ್ರ ಮೊದಲಿನಂತೆಯೇ “ಹೆಂಗದೀಯವ್ವ, ಚೆಂದಾಗಿ ಓದಾಕತ್ತೀಯಿಲ್ಲ?” ಎನ್ನುತ್ತಿದ್ದ. ನಾನು ತಲೆ ಆಡಿಸುತ್ತಿದ್ದೆ.

ಚೆನ್ನಾಗಿಯೇ ಓದಿದೆ. ಈಗ ಸಂಡೂರಿನ ಒಂದು ಶಾಲೆಯಲ್ಲಿ ಲೈಬ್ರರಿ ನೋಡಿಕೊಳ್ಳುತ್ತೇನೆ. ಗಣಿ ಲಾರಿಗಳ ಕೆಂಪು ಧೂಳು ಕೀಬೋರ್ಡಿನ ಮೇಲೆ ಕೂರುತ್ತದೆ. ಬೆಳಿಗ್ಗೆ ಒರೆಸಿದರೆ ಮಧ್ಯಾಹ್ನಕ್ಕೆ ಮತ್ತೆ ಇರುತ್ತದೆ. ಬಂಡ್ರಿ, ಚೋರನೂರಿನ ಮಕ್ಕಳಿಗೆ ಡೇಟಾಬೇಸ್ ಹುಡುಕುವುದನ್ನು ಕಲಿಸುತ್ತೇನೆ. ನನ್ನ ಮೇಡಂ ಹೇಳಿಕೊಟ್ಟದ್ದನ್ನೆಲ್ಲ ಹೇಳಿಕೊಡುತ್ತೇನೆ. ಸಾರ್ ಅವರ ಪ್ರಬಂಧ ಈಗಲೂ ಅಲ್ಲೇ ಇದೆ. ಅದನ್ನು ಆಧರಿಸಿ ಬೇರೆಯವರೂ ಬರೆದಿದ್ದಾರೆ. ಒಬ್ಬರು ಅಪ್ಪ ಬಿಟ್ಟ ನೀರನ್ನು ಅನಧಿಕೃತ ಎಂದು ಕರೆದಿದ್ದಾರೆ, ಇನ್ನೊಬ್ಬರು ನೇರವಾಗಿ ನೀರಿನ ಕಳವು ಎಂದಿದ್ದಾರೆ. ಎಲ್ಲರೂ ಆ ರೈತ ಗೆಳೆಯನ ಮಾತನ್ನು ಸಾಕ್ಷಿಯಾಗಿ ಕೊಡುತ್ತಾರೆ. ಕಾಕಾ ಆಡದ ಮಾತು ಎಲ್ಲೆಲ್ಲೋ ಓಡಾಡುತ್ತಿದೆ, ಆಡಿದ ಮಾತನ್ನು ಕಟ್ಟೆಯ ಮೇಲೂ ಯಾರೂ ಕೇಳಿಸಿಕೊಳ್ಳಲಿಲ್ಲ. ಸಾರ್‌ಗೆ ಡಾಕ್ಟರೇಟ್ ಬಂತು. ಒಂದೆರಡು ಸಲ ತಿದ್ದುಪಡಿ ಹಾಕಿಸಿ ಎಂದು ಮೆಸೇಜ್ ಮಾಡಿದೆ. ಓದಿದ ಗುರುತು ಬಂತು, ಉತ್ತರ ಬರಲಿಲ್ಲ.

ಹೀಗೇ ಏಳು ವರ್ಷ. ಈ ಬೇಸಿಗೆಯಲ್ಲಿ ರಜೆಗೆ ಊರಿಗೆ ಹೋದಾಗ ಕಾಕಾನ ಮಗಳ ಮದುವೆ ಗೊತ್ತಾಗಿತ್ತು. ಅಪ್ಪನ ಹೆಗಲ ಮೇಲೆ ಕೂತು ಬೆಳೆದ ಹುಡುಗಿ. ಕಾಕಾ ಮತ್ತು ಅವನ ಹೆಂಡತಿ ಕುಂಕುಮ ಹಚ್ಚಿ ಲಗ್ನಪತ್ರಿಕೆ ಕೊಡುತ್ತ ನಮ್ಮ ಓಣಿಗೆ ಬಂದರು. ಅಪ್ಪ ಬಾಗಿಲಲ್ಲೇ ಇದ್ದ. ಆಚೆ ಮನೆಗೆ ಕೊಟ್ಟರು, ಈಚೆ ಮನೆಗೆ ಕೊಟ್ಟರು. ನಮ್ಮ ಮನೆ ದಾಟಿ ಹೋದರು. ಅಪ್ಪ ಏನೂ ಆಗದವನಂತೆ ಅಂಗಳದ ಕಸ ಹೆಕ್ಕಲು ಬಗ್ಗಿದ. ಕಸವೇನೂ ಇರಲಿಲ್ಲ.

ನನಗೆ ತಡೆಯಲಾಗಲಿಲ್ಲ. ಅಲ್ಲೇ ಹೇಳಿದೆ. ಲೈಬ್ರರಿ, ಸ್ಟೂಲ್, ನನ್ನ ಬಾಯಿ, ಸಾರ್ ಬರೆದ ಸುಳ್ಳು, ನನ್ನ ಮೌನ, ಒಂದೂ ಬಿಡದೆ. ಅಪ್ಪ ಬಗ್ಗಿದವನು ಹಾಗೇ ನೆಲಕ್ಕೆ ಕೂತ. ಬೈಯಲಿಲ್ಲ. ಆಮೇಲೆ ಎದ್ದು ಅಂಗಿ ಹಾಕಿಕೊಂಡು, “ನಡಿ” ಎಂದ.

ಕಾಕಾ ಮನೆ ಮುಂದೆ ಚಪ್ಪರಕ್ಕೆ ತೆಂಗಿನ ಗರಿ ಕಟ್ಟುತ್ತಿದ್ದ. ನಮ್ಮನ್ನು ನೋಡಿ “ಬರ್ರಿ, ಕುಂದ್ರಿ” ಎಂದ. ಜೀವನದಲ್ಲಿ ಅವನು ಅಪ್ಪನಿಗೆ ಬಹುವಚನ ಹಚ್ಚಿದ್ದನ್ನು ನಾನು ಕೇಳಿರಲಿಲ್ಲ. ಅಪ್ಪ ಕೂರಲಿಲ್ಲ. ನಾನೇ ಹೇಳಿದೆ.

“ಕಾಕಾ, ಆ ಸಾರಿಗೆ ಹೇಳಿದ್ದು ನಾನು. ನಿನ್ನ ಹೆಸರಿಗೆ ಅವರು ಹಚ್ಚಿದ್ರು. ಗೊತ್ತಿದ್ದೂ ನಾ ಸುಮ್ನ ಇದ್ದೆ.”

ಅವನ ಕೈ ನಿಂತಿತು. ನನ್ನನ್ನು ನೋಡಿದ. ಕಣ್ಣು ತುಂಬಿದವು, ಒರೆಸಿಕೊಂಡ. “ಆವಾಗ ನೀ ಸಣ್ಣಾಕಿ. ಹುಡುಗರ ಬಾಯಿ. ಬಿಡವ್ವ” ಎಂದ. ಅಷ್ಟು ಸುಲಭವಾಗಿ ಕ್ಷಮಿಸಿದ್ದಕ್ಕೆ ನನಗೆ ಅಳು ಬಂತು. ಮುಗಿಯಿತು, ಇನ್ನು ಇಬ್ಬರೂ ಒಂದಾಗುತ್ತಾರೆ ಎಂದುಕೊಂಡೆ.

ಕಾಕಾ ಅಪ್ಪನ ಕಡೆ ತಿರುಗಿದ. “ಊರು ಕಟ್ಟಿ ಮ್ಯಾಲ ನಿಂದ್ರಿಸಿ ನನ್ನ ಕೇಳ್ತು. ಊರಿಗೆ ಹೇಳಿದೆ. ನೀವು ಏಳು ವರ್ಷದಾಗ ಒಂದ್ಸಲನರ ನನ್ನ ಕೇಳಿದ್ರೇನು?”

ಒಳಗಿನಿಂದ ಕಾಕಾನ ಹೆಂಡತಿ ಕುಂಕುಮದ ತಟ್ಟೆ ತಂದು ಅವ್ವನಿಗೆಂದು ಪತ್ರಿಕೆಯನ್ನು ನನ್ನ ಕೈಗೆ ಕೊಟ್ಟಳು. “ಮದುವಿಗೆ ಬರ್ರಿ” ಎಂದು ಕಾಕಾ ಮತ್ತೆ ಗರಿ ಕಟ್ಟತೊಡಗಿದ.

ಮದುವೆಯ ದಿನ ಅಪ್ಪ ಬೆಳಿಗ್ಗೆಯೇ ಸ್ನಾನ ಮಾಡಿ, ಮಡಿ ಪಂಚೆ ಉಟ್ಟು, ಹೊಸ್ತಿಲ ಮೇಲೆ ಕೂತ. ಮುಹೂರ್ತದ ಹೊತ್ತಾಯಿತು. ಅವ್ವ ಎರಡು ಸಲ ಎಬ್ಬಿಸಿದಳು. “ನೀವು ಹೋಗಿ ಬರ್ರಿ. ನಾ ಯಾವ ಮುಖ ಹೊತ್ಕೊಂಡು ಹೋಗಲಿ?” ಎಂದ. ಆ ಮಾತು ನಾನು ಆಡಬೇಕಾದದ್ದು. ಆದರೂ ನಾನು ಅವ್ವನ ಜೊತೆ ಹೋದೆ, ಅಕ್ಷತೆ ಹಾಕಿದೆ, ಪಂಕ್ತಿಯಲ್ಲಿ ಕೂತು ಉಂಡು ಬಂದೆ.